ಮನೆ ನೋಡೋಕೆ ಬರ್ತಾರೆ

ಗುರುಸ್ವಾಮಿಯ ಬದುಕಿನ ಕಷ್ಟಗಳಲ್ಲಿ ಅರ್ಧದಷ್ಟು ‘ನಮ್ಮೋರೇ’ ಎಂಬ ಒಂದೇ ಮಾತಿನಿಂದ ಬಂದವು. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ, ಜಿಲ್ಲೆಯಲ್ಲಿ ಯಾರ ಹೆಸರು ಕಿವಿಗೆ ಬಿದ್ದರೂ ‘ಅವ್ರು ನಮ್ಮೋರೇ ಕಣ್ರೀ’ ಎನ್ನದೆ ಇರಲು ಆಗುತ್ತಿರಲಿಲ್ಲ. ತಹಶೀಲ್ದಾರರು ನಮ್ಮೋರು. ಬಂಡೀಪುರದ ರೇಂಜರು ನಮ್ಮೋರು. ಒಂದು ಸಂಜೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರೂ ನಮ್ಮೋರಾಗಿಬಿಟ್ಟರು. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಏಕೆಂದರೆ ಯಾರೂ ನಂಬುತ್ತಿರಲಿಲ್ಲ. ಎರಡು ಸಾವಿರದ ಐದನೇ ಇಸವಿಯ ಒಂದು ಭಾನುವಾರ ಮಾತ್ರ ಅವನ ಹಿರಿಮಗಳು ಬಿಂದುಶ್ರೀ ನಂಬಿಬಿಟ್ಟಳು.

ಅವತ್ತಿನ ಪತ್ರಿಕೆಯ ಪುರವಣಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಲ್ಲಯ್ಯನಕೊಪ್ಪಲಿನ ದೊಡ್ಡಮನೆಯ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ನೂರಾಹತ್ತು ವರ್ಷದ ಮನೆ, ಹದಿನೆಂಟು ಕೋಣೆ, ಕೆತ್ತನೆಯ ಕಂಬಗಳು, ಒಂದು ಸಾರೋಟು, ಹಿತ್ತಲಲ್ಲಿ ಊಟಿಯಿಂದ ತಂದು ನೆಟ್ಟ ಗುಲಾಬಿಗಳ ತೋಟ. ಈಗಿನ ಯಜಮಾನರು ಶಾಂತಮಲ್ಲಪ್ಪನವರು.

‘ಓ, ಶಾಂತಮಲ್ಲಪ್ಪನೋರಾ! ನಮ್ಮೋರೇ’ ಎಂದ ಗುರುಸ್ವಾಮಿ.

ನಂಟು ಇಷ್ಟೇ: ಏಳು ವರ್ಷದ ಹಿಂದೆ ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತಿದ್ದರು. ಶಾಂತಮಲ್ಲಪ್ಪನವರು ‘ವಸಿ ಸರ್ಕಳಿ’ ಎಂದಿದ್ದರು.

ಸೋಮವಾರ ಬಿಂದುಶ್ರೀ ಐದನೇ ತರಗತಿಯಲ್ಲಿ ಎದ್ದು ನಿಂತು ಈ ನಂಟನ್ನು ಘೋಷಿಸಿದಳು. ಅವರ ಸಮಾಜ ವಿಜ್ಞಾನದ ಟೀಚರು ಕಾವ್ಯಶ್ರೀ ಮಿಸ್ಸು. ಜಿಲ್ಲೆಯ ಒಂದು ಹಳೆಯ ಕಟ್ಟಡವನ್ನು ಕಣ್ಣಾರೆ ನೋಡಿ ಬಂದು ಬರೆಯಬೇಕು, ನೋಡದೆ ಬರೆದರೆ ಸೊನ್ನೆ ಎಂದು ಆಕೆ ಆಜ್ಞೆ ಹೊರಡಿಸಿದ್ದರು. ಕಾವ್ಯಶ್ರೀ ಮಿಸ್ಸು ಮಕ್ಕಳನ್ನು ಗದರುತ್ತಿರಲಿಲ್ಲ. ಗಲಾಟೆಯಾದರೆ ಸೀಮೆಸುಣ್ಣ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಎರಡು ನಿಮಿಷದಲ್ಲಿ ಹಿಂದಿನ ಬೆಂಚಿನವರಿಗೂ ಅಳು ಬರುತ್ತಿತ್ತು. ಮೂವತ್ತೊಂದು ವರ್ಷವಾದರೂ ಆಕೆಗೆ ಮದುವೆಯಾಗಿರಲಿಲ್ಲ. ನೋಡಲು ಬಂದ ನಾಲ್ಕು ಗಂಡುಗಳನ್ನು ‘ಬಹಳ ಮಾತಾಡ್ತಾರೆ’ ಎಂಬ ಒಂದೇ ಕಾರಣಕ್ಕೆ ತಿರುಗಿಸಿ ಕಳಿಸಿದ್ದರು ಎಂಬುದು ಶಾಲೆಯ ಪೋಷಕರಿಗೆಲ್ಲ ಬಾಯಿಪಾಠವಾಗಿತ್ತು.

‘ನಿಮ್ಮಪ್ಪನಿಗೆ ಬೇಕಾದವರು ಅಂದರೆ ನೀನು ಆ ಮನೆಯನ್ನೇ ಬರಿ’ ಎಂದರು ಮಿಸ್ಸು. ಗುರುಸ್ವಾಮಿ ತಪ್ಪಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಮಲ್ಲಯ್ಯನಕೊಪ್ಪಲಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಹೆಸರು ಮೂಗಯ್ಯ. ಹೆಸರಿಟ್ಟ ಹಿರಿಯರು ಮುಂದಿನದನ್ನು ಊಹಿಸಿರಲಿಲ್ಲ. ಅವನ ಬಾಯಿ ಬಸ್ಸಿನ ಎಂಜಿನ್ನಿಗಿಂತ ಮೊದಲೇ ಶುರುವಾಗಿ, ಅದು ನಿಂತ ಮೇಲೂ ಓಡುತ್ತಿತ್ತು. ಗುರುಸ್ವಾಮಿ ಅವನನ್ನು ಬಸ್ ನಿಲ್ದಾಣದಲ್ಲಿ ಹಿಡಿದ.

‘ಮೂಗಯ್ಯ, ದೊಡ್ಮನೆ ಶಾಂತಮಲ್ಲಪ್ಪನೋರಿಗೆ ಒಂದ್ ಮಾತು ಹೇಳ್ಬುಡು. ಬರೋ ಭಾನುವಾರ ಚಾಮರಾಜನಗರದ ಗುರುಸ್ವಾಮಿ ಮನೆ ನೋಡೋಕೆ ಬರ್ತಾರೆ ಅಂತ.’

ಮೂಗಯ್ಯ ಕಿವಿಯ ಮೇಲಿನ ಪೆನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. ‘ಮನೆ ನೋಡಕಾ? ದೊಡ್ಮನೆಯಾ? ಎಂಥಾ ಸುದ್ದಿ ಹೇಳುದ್ರಿ ಸಾ! ಎಷ್ಟ್ ಜನ ಬತ್ತೀರಿ?’

‘ನಾನು, ಮಕ್ಳು. ಮೊದಲು ನಾವು ನೋಡ್ಕೊಂಡು ಬರೋದು. ಇಷ್ಟ ಆದ್ರೆ ಇನ್ನೊಂದ್ಸಲ ಎಲ್ಲಾರ್ನೂ ಕರ್ಕೊಂಡು ಹೋಗೋದು.’

‘ಅಂಗೇ ಮಾಡ್ಬೇಕು ಸಾ, ಅದೇ ಪದ್ಧತಿ’ ಎಂದ ಮೂಗಯ್ಯ ಗಂಭೀರವಾಗಿ.

ಇಲ್ಲಿ ಒಂದು ಮಾತು ಹೇಳಬೇಕು. ಆ ಸೀಮೆಯಲ್ಲಿ ‘ಮನೆ ನೋಡುವುದು’ ಎಂದರೆ ಒಂದೇ ಅರ್ಥ. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬಂದು, ಉಪ್ಪಿಟ್ಟು ತಿನ್ನುತ್ತ ತೊಲೆಗಳನ್ನು ಎಣಿಸಿ, ಬಾವಿಗೆ ಇಣುಕಿ, ಕೊಟ್ಟಿಗೆಯ ರಾಸುಗಳ ಹಲ್ಲು ನೋಡಿ, ‘ಹೇಳಿ ಕಳಿಸ್ತೀವಿ’ ಎಂದು ಎದ್ದು ಹೋಗುವುದು. ಇತಿಹಾಸ ತಿಳಿಯಲೆಂದು ಒಬ್ಬರ ಮನೆಯನ್ನು ಇನ್ನೊಬ್ಬರು ನೋಡುವುದುಂಟು ಎಂದು ಮಲ್ಲಯ್ಯನಕೊಪ್ಪಲಿಗೆ ಯಾರೂ ಹೇಳಿರಲಿಲ್ಲ.

ದೊಡ್ಡಮನೆಯಲ್ಲಿ ಗಂಡೂ ಇದ್ದ. ಶಾಂತಮಲ್ಲಪ್ಪನವರ ಒಬ್ಬನೇ ಮಗ ಮಾದೇಶ್. ಬಿ.ಎ. ಓದಿ, ಊರಿಗೆ ಬಂದು, ಹೊಲವನ್ನೂ ಆ ಗುಲಾಬಿ ತೋಟವನ್ನೂ ನೋಡಿಕೊಂಡಿದ್ದ. ಅಗತ್ಯ ಬಿದ್ದರೆ ಮಾತಾಡುತ್ತಿದ್ದ. ಅಗತ್ಯ ಬೀಳುತ್ತಿದ್ದುದು ಅಪರೂಪ. ಪತ್ರಿಕೆಯವನು ಬಂದು ಹೋದದ್ದನ್ನೂ ಅವನು ಮನೆಯಲ್ಲಿ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲವಲ್ಲ. ಅವನಿಗೆ ಮೂವತ್ತಾರಾಗಿತ್ತು. ಮೂರು ಸಲ ಹೆಣ್ಣಿನ ಕಡೆಯವರು ಮನೆ ನೋಡಿ ಹೋಗಿದ್ದರು, ಮೂವರೂ ಹೇಳಿ ಕಳಿಸಿರಲಿಲ್ಲ. ಮೊದಲನೆಯವರು ಕೋಣೆ ಎಣಿಸಿ ‘ನಮ್ ಹುಡ್ಗಿ ಪೊರಕೆ ಹಿಡ್ಕಂಡೇ ಮುದ್ಕಿ ಆಯ್ತಾಳೆ’ ಎಂದರು. ಎರಡನೆಯವರ ತಲೆಯ ಮೇಲೆ ಅಟ್ಟದ ಬಾವಲಿಯೊಂದು ಹಾದು ಹೋಯಿತು. ಮೂರನೆಯವರು ಗುಲಾಬಿ ಪೊದೆ ನೋಡಿ ‘ಹಾವು ಗೀವು?’ ಎಂದು ಕೇಳಿ, ಉತ್ತರಕ್ಕೂ ಕಾಯಲಿಲ್ಲ. ಗಂಡನ್ನು ಯಾರೂ ಬೇಡವೆನ್ನಲಿಲ್ಲ. ಗಂಡಿನವರೆಗೆ ಯಾರೂ ತಲುಪಲೇ ಇಲ್ಲ. ಅವನ ತಾಯಿ ಚಿಕ್ಕಮಲ್ಲಮ್ಮ ಪ್ರತಿ ಸೋಮವಾರ ಬರೀ ಹಾಲು ಕುಡಿದು ಇದ್ದುಬಿಡುತ್ತಿದ್ದರು. ಇನ್ನೊಂದು ಸಲ ತಪ್ಪಿದರೆ ಮಗನಿಗೆ ಇನ್ನು ಮದುವೆ ಇಲ್ಲ ಎಂದು ಆಕೆ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದರು.

ಮೂಗಯ್ಯ ಸುದ್ದಿ ತಂದ ಕೂಡಲೇ ಪಕ್ಕದ ಮನೆಯ ಗೋವಿಂದಯ್ಯ ಉಸ್ತುವಾರಿ ವಹಿಸಿಕೊಂಡ. ಎಂದೋ ಐದು ವರ್ಷ ಪಂಚಾಯ್ತಿ ಮೆಂಬರಾಗಿದ್ದ ಅವನು ಇನ್ನೂ ಅದರಿಂದ ಇಳಿದಿರಲಿಲ್ಲ.

‘ಶಾಂತಮಲ್ಲಣ್ಣ, ನಿಮ್ ಮನೆಗೆ ಬಂದಿರೋ ರೋಗ ಅಂದ್ರೆ ಹಳೇದು ಅನ್ನೋದು’ ಎಂದ. ‘ಹಳೇದೊಂದೂ ಕಾಣ್‌ಕೂಡ್ದು. ಬಂದೋರು ಇದೇನು ನಿನ್ನೆ ಕಟ್ಸುದ್ ಮನೆಯಾ ಅನ್ಬೇಕು, ಅಂಗ್ ಮಾಡ್ಬುಡ್ತೀನಿ.’

ಮಾಡಿಬಿಟ್ಟ. ಕೆತ್ತನೆ ಕಂಬಗಳಿಗೆ ಹಸಿರು ಆಯಿಲ್ ಪೇಂಟು ಬಳಿಸಿದ. ಹದಿನೆಂಟು ಕೋಣೆಗಳಲ್ಲಿ ಹನ್ನೆರಡಕ್ಕೆ ಬೀಗ ಹಾಕಿಸಿ ಬಾಗಿಲಿಗೆ ಕ್ಯಾಲೆಂಡರ್ ನೇತುಹಾಕಿದ. ಸಾರೋಟನ್ನು ತೋಟಕ್ಕೆ ತಳ್ಳಿಸಿ, ತೋಟ ಕಾಣದಂತೆ ಉದ್ದಕ್ಕೂ ಶಾಮಿಯಾನದ ಪರದೆ ಕಟ್ಟಿಸಿದ. ನಡುಮನೆಗೆ ತನ್ನ ಮನೆಯ ಫ್ರಿಜ್ಜನ್ನೇ ಹೊರಿಸಿ ತಂದು ನಿಲ್ಲಿಸಿದ. ಕರೆಂಟು ಕೊಡಲು ಹತ್ತಿರ ಪ್ಲಗ್ಗು ಇರಲಿಲ್ಲ, ಆದ್ದರಿಂದ ಅದು ಸುಮ್ಮನೆ ಗೌರವಕ್ಕೆ ನಿಂತಿತು. ಮಾದೇಶ್ ಇದನ್ನೆಲ್ಲ ನೋಡುತ್ತ ನಿಂತಿದ್ದ. ಒಂದು ಕಂಬದ ಮೇಲಿದ್ದ ಕೆತ್ತನೆಯ ಗಿಳಿಗೆ ಬಣ್ಣ ಬಳಿಯುವಾಗ ಮಾತ್ರ ಎದ್ದು ಹೊರಗೆ ಹೋದ.

ಭಾನುವಾರ ಹನ್ನೊಂದಕ್ಕೆ ಗುರುಸ್ವಾಮಿ ಬಸ್ಸಿನಿಂದ ಇಳಿದ. ಒಂದು ಕೈಯಲ್ಲಿ ಹತ್ತು ವರ್ಷದ ಬಿಂದುಶ್ರೀ, ಇನ್ನೊಂದರಲ್ಲಿ ಏಳು ವರ್ಷದ ಭವ್ಯ. ಹೆಂಡತಿ ತವರಿಗೆ, ಉಮ್ಮತ್ತೂರಿಗೆ ಹೋಗಿದ್ದಳು. ‘ಎರಡು ಗಂಟೆಗೆ ಇದೇ ಬಸ್ಸು ವಾಪಸ್ಸು, ತಪ್ಪಿದ್ರೆ ನಾಳೇನೇ’ ಎಂದು ಮೂಗಯ್ಯ ಎಚ್ಚರಿಸಿದ. ಭವ್ಯ ಬಸ್ಸಿಳಿದ ಕ್ಷಣದಿಂದಲೇ ‘ಅಪ್ಪಾ, ಯಾವಾಗ ಓಗನ?’ ಎಂದು ಶುರುಮಾಡಿದ್ದಳು.

ದೊಡ್ಡಮನೆಯ ಮುಂದೆ ಊರು ನೆರೆದಿತ್ತು. ಕಾಲಿಗೆ ನೀರು ಕೊಟ್ಟರು. ‘ಬನ್ನಿ ಬುದ್ದಿ, ಬನ್ನಿ’ ಎಂದು ಶಾಂತಮಲ್ಲಪ್ಪನವರು ಕೈಮುಗಿದರು. ಬಸ್ಸಿನ ಸೀಟಿನ ನಂಟು ಇಷ್ಟು ಗಟ್ಟಿಯೆಂದು ಗುರುಸ್ವಾಮಿಗೇ ಗೊತ್ತಿರಲಿಲ್ಲ. ‘ನೋಡ್ದಾ? ನಮ್ಮೋರೇ ಅಂತ ಹೇಳ್ಲಿಲ್ವಾ?’ ಎಂದು ಮಗಳ ಕಿವಿಯಲ್ಲಿ ಉಸುರಿದ.

ಒಳಗೆ ಬಂದು ಸುತ್ತ ನೋಡಿದ. ಹಸಿರು ಕಂಬ, ಪ್ಲಾಸ್ಟಿಕ್ ಹೂಬಳ್ಳಿ, ಫ್ರಿಜ್ಜು. ಇತಿಹಾಸದ ಸುಳಿವಿಲ್ಲ.

‘ಮನೆಯೋರು ಬರ್ಲಿಲ್ವಾ?’ ಗೋವಿಂದಯ್ಯ ಮಾತು ತೆಗೆದ.

‘ಇಲ್ಲ, ಅವ್ಳಿಗೆ ಹಳೇದು ಅಂದ್ರೆ ಆಗಲ್ಲ.’

ಶಾಂತಮಲ್ಲಪ್ಪನವರ ಮುಖ ಇಳಿಯಿತು. ಗೋವಿಂದಯ್ಯ ಮುಂದಕ್ಕೆ ಜಾರಿ ಕೂತ. ‘ಹಳೇದು ಎಲ್ಲದೆ ಬುದ್ದಿ ಇಲ್ಲಿ? ಎಲ್ಲಾ ಹೊಸಾದೇಯ.’

‘ಅಯ್ಯೋ, ನನಗೆ ಹಳೇದೇ ಬೇಕು’ ಎಂದ ಗುರುಸ್ವಾಮಿ. ‘ಎಷ್ಟು ಹಳೇದಾದ್ರೆ ಅಷ್ಟು ಒಳ್ಳೇದು. ಮುಚ್ಚುಮರೆ ಬೇಡ, ಎಷ್ಟು ವರ್ಷ ಆಗಿದೆ ಹೇಳ್ಬುಡಿ.’

ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಮೂವತ್ತೆರಡು’ ಎಂದ ಗೋವಿಂದಯ್ಯ.

‘ಮೂವತ್ತೆರಡಾ? ಪೇಪರಲ್ಲಿ ನೂರಾಹತ್ತು ಅಂತ ಹಾಕಿದ್ರಲ್ಲ!’

ಒಳಗೆ ಚೊಂಬು ಬಿದ್ದ ಸದ್ದು. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮಲ್ಲಮ್ಮ ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು. ‘ಪೇಪರಲ್ ಹಾಕವ್ರಾ? ಯಾವನವನು ನಮ್ಮ ಹೊಟ್ಟೆಗೆ ಬೆಂಕಿ ಇಕ್ಕುದೋನು!’

‘ಮೂವತ್ತಾರು ಬುದ್ದಿ’ ಎಂದು ಶಾಂತಮಲ್ಲಪ್ಪನವರು ಸತ್ಯಕ್ಕೆ ಶರಣಾದರು. ‘ದೇವ್ರಾಣೆಗೂ ಮೂವತ್ತಾರು. ಅದ್ರ ಮೇಲೆ ಒಂದ್ ದಿನ ಇದ್ರೂ ಕೇಳಿ.’

ಗುರುಸ್ವಾಮಿ ನಿರಾಸೆಯಿಂದ ಮಗಳ ನೋಟ್‌ಪುಸ್ತಕದಲ್ಲಿ ಬರೆದುಕೊಂಡ: ವಯಸ್ಸು ಮೂವತ್ತಾರು, ವಿವಾದವಿದೆ.

‘ಹೋಗ್ಲಿ, ಒಳಗೆಲ್ಲಾ ಗಟ್ಟಿಯಾಗಿದೆ ತಾನೆ? ರಿಪೇರಿ ಗಿಪೇರಿ ಏನಾದ್ರೂ ಆಗಿದೆಯಾ?’

‘ಒಂದೇ ಒಂದ್ ಸಲ. ಅಪೆಂಡಿಸು, ಮೈಸೂರಲ್ಲಿ. ಆಮ್ಯಾಕೆ ಒಂದ್ ತೊಂದ್ರೆ ಇಲ್ಲ.’

ಅಪೆಂಡಿಸ್ ಎಂಬವನು ಬ್ರಿಟಿಷರ ಕಾಲದ ಎಂಜಿನಿಯರ್ ಇರಬೇಕೆಂದು ಗುರುಸ್ವಾಮಿಗೆ ಹೊಳೆಯಿತು. ‘ದುರಸ್ತಿ: ಮೈಸೂರಿನ ಅಪೆಂಡಿಸ್’ ಎಂದು ಬರೆದು ಕೆಳಗೆ ಗೆರೆ ಎಳೆದ. ಆದರೆ ಅದು ಮೂವತ್ತಾರು ವರ್ಷದ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅವನಿಗೆ ಮೊದಲ ಬಾರಿಗೆ ಅನುಮಾನ ಬಂತು.

ಅಷ್ಟರಲ್ಲಿ ಭವ್ಯ ಕಿರುಚಿದಳು. ಬೇಸರ ತಾಳಲಾರದೆ ಅವಳು ಫ್ರಿಜ್ಜಿನ ಬಾಗಿಲು ಎಳೆದಿದ್ದಳು. ‘ಅಪ್ಪಾ! ಇದ್ರೊಳ್ಗೆ ಒಬ್ರು ತಾತ ಅವ್ರೆ!’

ಮನೆ ಕಟ್ಟಿಸಿದ ಮುತ್ತಾತನ ದೊಡ್ಡ ಚೌಕಟ್ಟಿನ ಪಟ ಅದು. ಗಿರಿಜಾ ಮೀಸೆ, ಜರಿ ಪೇಟ. ಇಡಲು ಬೇರೆ ಜಾಗ ಕಾಣದೆ ಗೋವಿಂದಯ್ಯ ಒಳಗೆ ತುರುಕಿದ್ದ. ಮುತ್ತಾತ ತರಕಾರಿ ಟ್ರೇಯ ಮೇಲಿಂದ ಎಲ್ಲರನ್ನೂ ದುರುಗುಟ್ಟಿ ನೋಡಿದ. ಗೋವಿಂದಯ್ಯ ಬಾಗಿಲು ತಳ್ಳಿ, ಅದಕ್ಕೆ ಬೆನ್ನು ಒರಗಿಸಿ ನಿಂತ. ‘ಮಕ್ಳು ವಸಿ ಆಚೆ ಆಡ್ಕಳ್ಳಿ. ಓಗ್ರಮ್ಮಿ.’

ಮಕ್ಕಳಿಬ್ಬರೂ ಹೊರಗೆ ಓಡಿದರು. ಉಪ್ಪಿಟ್ಟು, ಕೇಸರಿಬಾತು ಬಂದವು. ಬಾಗಿಲಿಗೊರಗಿ ಚಿಕ್ಕಮಲ್ಲಮ್ಮ ಮೆಲ್ಲಗೆ ಕೇಳಿದರು, ‘ಹುಡ್ಗಿ ಏನ್ ಓದವ್ಳೆ?’

‘ಐದನೇ ಕ್ಲಾಸು’ ಎಂದ ಗುರುಸ್ವಾಮಿ.

ಕೂತಿದ್ದವರ ಕೈಯ ಉಪ್ಪಿಟ್ಟು ಅರ್ಧಕ್ಕೆ ನಿಂತಿತು. ಆದರೆ ಚಿಕ್ಕಮಲ್ಲಮ್ಮ ಗಟ್ಟಿಗಿತ್ತಿ. ‘ಆಯ್ತು ಬುಡಿ, ನಾನೇನ್ ಕಾಲೇಜು ಓದಿದ್ದಾ? ಅಡ್ಗೆ?’

‘ಇನ್ನೂ ಒಲೆ ಹತ್ರ ಬಿಟ್ಟಿಲ್ಲ. ಬರೀ ಆಟ. ಲೆಕ್ಕ ಬರಲ್ಲ, ಬೆಳಿಗ್ಗೆ ಏಳಲ್ಲ. ಗದರಿದ್ರೆ ಮಂಚದ ಕೆಳಗೆ ಸೇರ್ಕೊಂಡುಬಿಡ್ತಾಳೆ.’

ಹೆಣ್ಣಿನ ಕಡೆಯವರು ಇಷ್ಟು ಪ್ರಾಮಾಣಿಕರಾಗಿರುವುದನ್ನು ಊರು ಹಿಂದೆಂದೂ ಕಂಡಿರಲಿಲ್ಲ. ‘ನಾನಿಲ್ವಾ?’ ಎಂದರು ಚಿಕ್ಕಮಲ್ಲಮ್ಮ, ಕಣ್ಣು ಒರೆಸಿಕೊಳ್ಳುತ್ತ. ‘ನಾನ್ ಕಲಿಸ್ಕತೀನಿ. ನನ್ ಮಗ್ಳಂಗೆ ನೋಡ್ಕತೀನಿ. ನೀವ್ ಒಂದ್ ಮಾತು ಹೂಂ ಅನ್ನಿ ಸಾಕು.’

ಜನ ಎಷ್ಟು ಒಳ್ಳೆಯವರು ಎಂದುಕೊಂಡ ಗುರುಸ್ವಾಮಿ. ‘ಹೂಂ’ ಎಂದ. ‘ನಿಮ್ಮನೆ ಮಗಳು ಅಂದ್ಕೊಳಿ.’

ಊರಿಗೆ ಊರೇ ಉಸಿರು ಬಿಟ್ಟಿತು. ಯಾರೋ ತಮಟೆಯವನನ್ನು ಕರೆಯಲು ಎದ್ದರು. ಚಿಕ್ಕಮಲ್ಲಮ್ಮ ಒಳಗೆ ಹೋಗಿ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆಅಡಿಕೆ, ಒಂದು ಮೊಳ ಮಲ್ಲಿಗೆ ಇಟ್ಟುಕೊಂಡು ಬಂದರು. ‘ಹುಡ್ಗಿ ಪೋಟೋ ತಂದಿದ್ದೀರಾ?’

‘ಪೋಟೋ ಯಾಕಮ್ಮ, ಅವ್ಳೇ ಬಂದಿದ್ದಾಳಲ್ಲ! ಬಿಂದೂ, ಬಾಮ್ಮ ಇಲ್ಲಿ!’

ಶಾಮಿಯಾನದ ಪರದೆ ಅಲುಗಾಡಿತು. ಅದರಡಿಯಿಂದ ಬಿಂದುಶ್ರೀ ತೆವಳಿಕೊಂಡು ಬಂದಳು. ತಲೆಯಲ್ಲಿ ಒಣ ಎಲೆ, ಫ್ರಾಕಿಗೆ ಮಣ್ಣು, ಕೈಯಲ್ಲಿ ಒಂದು ಗುಲಾಬಿ. ನಕ್ಕಳು. ಮೇಲಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ.

ಗೋಡೆ ಗಡಿಯಾರದ ಸದ್ದು ಕೇಳಿಸಿತು. ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿತು.

ಮೌನ ಮುರಿದದ್ದು ಅಂಗನವಾಡಿಯ ಮಾದಮ್ಮ. ಬಾಲ್ಯವಿವಾಹ ಅಪರಾಧ ಎಂದು ಊರಬಾಗಿಲ ಗೋಡೆಯ ಮೇಲೆ ಬರೆಸಿದವಳೇ ಅವಳು. ಬರೆಸಿದ ಮೇಲೆ ಅದನ್ನು ಉಪಯೋಗಿಸುವ ಅವಕಾಶ ಬಂದಿರಲಿಲ್ಲ. ‘ನೀವೆಲ್ಲಾ ಮನ್ಸರಾ?’ ಎಂದು ಎದ್ದು ನಿಂತಳು. ‘ಹಲ್ ಬಿದ್ದಿರೋ ಮಗೀಗೆ ಮದ್ವೆಯಾ? ಸಿಡಿಪಿಓ ಮೇಡಂಗೆ ಈಗ್ಲೇ ಪೋನ್ ಮಾಡ್ತೀನಿ! ಹೆಸ್ರು ಹೇಳ್ರೀ ನಿಮ್ದು!’

‘ಮದ್ವೆ?’ ಗುರುಸ್ವಾಮಿಯ ಕೈಯಿಂದ ಕೇಸರಿಬಾತು ಜಾರಿತು. ‘ಯಾರ ಮದ್ವೆ?’

‘ನಾಟ್ಕ ಆಡ್ಬೇಡ ಕಣಯ್ಯ!’ ಗೋವಿಂದಯ್ಯ ಪಕ್ಷ ಬದಲಾಯಿಸಲು ಕ್ಷಣವೂ ತಡಮಾಡಲಿಲ್ಲ. ‘ನಂಗಾಗ್ಲೇ ಡೌಟು ಬಂದಿತ್ತು. ಮಂಚದ್ ಕೆಳಗ್ ಸೇರ್ಕತಾಳೆ ಅಂದಾಗ್ಲೇ ಬಂದಿತ್ತು!’

‘ರೀ, ನಾನು ಮನೆ ನೋಡೋಕೆ ಬಂದಿದ್ದು!’

‘ಅದ್ನೇ ನಾವೂ ಯೋಳ್ತಿರಾದು!’

ಎರಡು ಗಂಟೆಯ ಬಸ್ಸು ಹಾರನ್ನು ಬಾರಿಸುತ್ತ ಬಂದು ನಿಂತಿತು. ಮೂಗಯ್ಯನನ್ನು ಕೈಹಿಡಿದು ಎಳೆತಂದು ನಡುಮನೆಯಲ್ಲಿ ನಿಲ್ಲಿಸಿದರು. ಅವನು ಎದೆ ಮುಟ್ಟಿಕೊಂಡು ಹೇಳಿದ, ‘ಮನೆ ನೋಡಕ್ಕೆ ಬತ್ತೀವಿ ಅಂದ್ರು, ಮನೆ ನೋಡಕ್ಕೆ ಬತ್ತಾರೆ ಅಂದೆ. ಒಂದಕ್ಷರ ಸೇರುಸ್ಲಿಲ್ಲ. ನನ್ ಸರ್ವೀಸಲ್ಲೇ ಒಂದಕ್ಷರ ಸೇರಿಸ್ದೆ ಹೇಳಿರೋ ಮಾತು ಇದೊಂದೇ.’

ಪುರವಣಿಯ ಹಾಳೆ ಗುರುಸ್ವಾಮಿಯ ಜೇಬಿನಲ್ಲಿತ್ತು. ಅದು ಕೈಯಿಂದ ಕೈಗೆ ಹೋಯಿತು. ಪ್ರಾಜೆಕ್ಟು ಎಂದರೇನು, ಸೊನ್ನೆ ಎಂದರೇನು ಎಂದು ಅವನು ಬೆವರುತ್ತ ವಿವರಿಸಿದ. ಒಬ್ಬೊಬ್ಬರಿಗೇ ಅರ್ಥವಾಗುತ್ತ ಬಂತು. ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ, ಏಕೆಂದರೆ ಚಿಕ್ಕಮಲ್ಲಮ್ಮ ತಟ್ಟೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು.

ಪರದೆಯ ಹಿಂದಿನಿಂದ ಮಾದೇಶ್ ಬಂದ. ಹೊಸ ಬಿಳಿ ಷರಟು, ಮೊಣಕಾಲಿನವರೆಗೆ ಮಣ್ಣು. ಹೆಗಲ ಮೇಲೆ ಭವ್ಯ ಕೂತಿದ್ದಳು. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

‘ಸಾ’ ಎಂದ. ಇಡೀ ದಿನದಲ್ಲಿ ಅವನ ಮೊದಲ ಮಾತು. ‘ನೀವು ಬಂದದ್ದು ಮನೆ ನೋಡಕ್ಕಾ? ಮನೇನೇ?’

‘ಹೂಂ ಕಣಪ್ಪ, ತಪ್ಪಾಯ್ತು. ಬರೀ ಮನೇನೇ.’

ಮಾದೇಶ್ ಗೋಡೆಯ ಮೊಳೆಯಿಂದ ಬೀಗದ ಕೈ ಗೊಂಚಲು ತೆಗೆದುಕೊಂಡ. ಹನ್ನೆರಡು ಕ್ಯಾಲೆಂಡರ್ ಎತ್ತಿ ಹನ್ನೆರಡು ಬಾಗಿಲು ತೆಗೆದ. ಶಾಮಿಯಾನದ ಹಗ್ಗ ಬಿಚ್ಚಿದ. ಪರದೆ ಬಿದ್ದಾಗ ಇಡೀ ತೋಟ, ಅದರಾಚೆಗೆ ಮಂಜು ಕವಿದ ಬೆಟ್ಟ, ಒಮ್ಮೆಲೇ ನಡುಮನೆಗೆ ಕಂಡಿತು. ಮಕ್ಕಳು ಮತ್ತೆ ಸಾರೋಟು ಹತ್ತಿದರು. ಬಸ್ಸು ಕಾಯಿತು, ಮೂಗಯ್ಯನೂ ಪ್ರಯಾಣಿಕರೂ ಬಸ್ಸು ಬಿಟ್ಟು ಮನೆ ನೋಡುತ್ತಿದ್ದರು. ಹೊರಡುವಾಗ ಚಿಕ್ಕಮಲ್ಲಮ್ಮ ತಟ್ಟೆಯ ಮಲ್ಲಿಗೆಯನ್ನು ಎರಡು ತುಂಡು ಮಾಡಿ ಹುಡುಗಿಯರಿಬ್ಬರ ಜಡೆಗೂ ಮುಡಿಸಿದರು. ‘ತಟ್ಟೆಗಿಟ್ಟ ಹೂವ ಒಳಕ್ ತಕಂಡೋಗ್ಬಾರ್ದು ಕಣಮ್ಮಿ’ ಎಂದರು.

ಬಿಂದುಶ್ರೀ ಬರೆದ ಪ್ರಬಂಧ ಹೀಗಿತ್ತು:

‘ನಾನು ದೊಡ್ಡಮನೆ ನೋಡಿದೆನು. ಇದಕ್ಕೆ ನೂರಾಹತ್ತು ವರ್ಷ ಎಂದು ಪೇಪರಿನವರೂ ಮೂವತ್ತಾರು ಎಂದು ಮನೆಯವರೂ ಹೇಳುತ್ತಾರೆ. ಮುತ್ತಾತನನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ. ಕಂಬಗಳ ಮೇಲೆ ಗಿಳಿಗಳಿವೆ, ಅವುಗಳಿಗೆ ಈಗ ಉಸಿರು ಕಟ್ಟಿದೆ. ತೋಟದಲ್ಲಿ ನಲವತ್ತೊಂದು ಗುಲಾಬಿ ಗಿಡಗಳಿವೆ. ಯಾವ ಗಿಡದ ಬುಡ ಯಾವ ವರ್ಷ ಊಟಿಯಿಂದ ಬಂತು ಎಂದು ಮಾದೇಶ್ ಮಾಮನಿಗೆ ಗೊತ್ತು. ಕೇಳಿದರೆ ಹೇಳುತ್ತಾರೆ. ಕೇಳದಿದ್ದರೆ ಸುಮ್ಮನಿರುತ್ತಾರೆ. ಅವರಿಗೆ ಮದುವೆ ಆಗಿಲ್ಲ, ಏಕೆಂದರೆ ಮನೆ ದೊಡ್ಡದು.’

ಗುರುವಾರ ಗುರುಸ್ವಾಮಿಗೆ ಶಾಲೆಯಿಂದ ಕರೆ ಬಂತು. ಅವನು ಅರ್ಧ ದಿನ ರಜೆ ಹಾಕಿ ಹೋದ. ಕಾವ್ಯಶ್ರೀ ಮಿಸ್ಸಿನ ಮೇಜಿನ ಮೇಲೆ ಆ ಪ್ರಬಂಧವಿತ್ತು. ‘ಕೇಳದಿದ್ದರೆ ಸುಮ್ಮನಿರುತ್ತಾರೆ’ ಎಂಬುದರ ಕೆಳಗೆ ಕೆಂಪು ಶಾಯಿಯ ಗೆರೆ. ತಪ್ಪೇನಿರಬಹುದೆಂದು ಅವನು ಆ ವಾಕ್ಯವನ್ನು ಮೂರು ಸಲ ಓದಿದ. ತಪ್ಪು ಸಿಗಲಿಲ್ಲ.

ಮಿಸ್ಸು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು. ಅವನಿಗೆ ಅಳು ಬರುವಂತಾಯಿತು.

‘ಆ ಮನೆ ನೋಡಬಹುದಾ?’ ಎಂದರು ಕೊನೆಗೆ.

‘ಧಾರಾಳವಾಗಿ ಮೇಡಂ, ನಮ್ಮೋರೇ! ಎಷ್ಟು ಮಕ್ಳನ್ನ ಕರ್ಕೊಂಡು ಹೋಗ್ತೀರಿ?’

‘ಮಕ್ಕಳು ಬೇಡ. ನಮ್ಮ ಚಿಕ್ಕಪ್ಪ ಬರ್ತಾರೆ.’ ಸ್ವಲ್ಪ ತಡೆದು ಸೇರಿಸಿದರು, ‘ಕಂಬದ ಬಣ್ಣ ಕೆರೆದು ತೆಗೆಯೋಕೆ ಹೇಳಿ.’

ಚಿಕ್ಕಪ್ಪನಿಗೂ ಇತಿಹಾಸದ ಹುಚ್ಚಿರಬೇಕು ಎಂದುಕೊಂಡು ಗುರುಸ್ವಾಮಿ ನೇರ ಬಸ್ ನಿಲ್ದಾಣಕ್ಕೆ ಬಂದ. ಒಮ್ಮೆ ಸುಟ್ಟುಕೊಂಡಿದ್ದರಿಂದ ಈ ಸಲ ಮಾತಿನಲ್ಲಿ ಎಳ್ಳಷ್ಟೂ ಸಂದು ಬಿಡಬಾರದೆಂದು ನಿರ್ಧರಿಸಿದ್ದ.

‘ಸರಿಯಾಗಿ ಕೇಳಿಸ್ಕೊ ಮೂಗಯ್ಯ. ಭಾನುವಾರ ನಮ್ಮ ಟೀಚರು ದೊಡ್ಮನೆ ನೋಡೋಕೆ ಬರ್ತಾರೆ. ಬರೀ ಮನೆ. ಬೇರೆ ಏನೂ ಇಲ್ಲ. ಉಪ್ಪಿಟ್ಟು ಬೇಡ, ತಟ್ಟೆ ಬೇಡ, ತಪ್ಪು ತಿಳ್ಕೋಬೇಡಿ ಅಂತ ಬಿಡಿಸಿ ಹೇಳ್ಬೇಕು. ಬಿಳಿ ಷರಟು ಗಿರಟು ಹಾಕ್ಕೊಳ್ಳೋದು ಬೇಡ ಅಂತ ಆ ಹುಡುಗನಿಗೂ ಹೇಳು.’

‘ಟೀಚರಮ್ಮಂಗೆ ಮದ್ವೆ ಆಗ್ಯದಾ?’

‘ಇಲ್ಲ. ಅದ್ಯಾಕೆ ನಿಂಗೆ?’

‘ಜೊತೇಲಿ ಯಾರ್ ಬತ್ತಾರೆ?’

‘ಅವ್ರ ಚಿಕ್ಕಪ್ಪನಂತೆ.’

ಮೂಗಯ್ಯ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದ. ಗುರುಸ್ವಾಮಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವನು ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡದ್ದನ್ನು ಆ ನಿಲ್ದಾಣ ಅಲ್ಲಿಯವರೆಗೆ ಕಂಡಿರಲಿಲ್ಲ.

‘ನೀವ್ ಸುಮ್ಕಿರಿ ಸಾ’ ಎಂದ ಕೊನೆಗೆ, ಫುಟ್‌ಬೋರ್ಡ್ ಹತ್ತುತ್ತ. ‘ಏನ್ ಹೇಳ್ಬೇಕೋ ನಾನ್ ಹೇಳ್ಕತೀನಿ.’ ಸೀಟಿ ಊದಿದ.

ಬಸ್ಸು ಗುಂಡ್ಲುಪೇಟೆ ರಸ್ತೆಗೆ ತಿರುಗುವವರೆಗೂ ಗುರುಸ್ವಾಮಿ ಅದನ್ನೇ ನೋಡುತ್ತ ನಿಂತಿದ್ದ. ಇವನು ಈ ಸಲ ಒಂದಕ್ಕೆ ಹತ್ತು ಸೇರಿಸಿ ಹೇಳಿ ಎಡವಟ್ಟು ಮಾಡಿಯೇ ಮಾಡುತ್ತಾನೆ ಎಂದು ಅವನಿಗೆ ಖಾತ್ರಿಯಾಗಿತ್ತು.